ಒತ್ತಕ್ಷರದ ಮುಂದೆ ನಿಂತುಬಿಡುವ ಮಗು

‘ಮಗ ಮೂರನೇ ತರಗತಿ. ಬಸವ, ಕಮಲ ಎಲ್ಲ ಸರಾಗವಾಗಿ ಓದುತ್ತಾನೆ. ಒತ್ತಕ್ಷರ ಬಂದರೆ ನಿಂತುಬಿಡುತ್ತಾನೆ. ಡಿಸ್ಲೆಕ್ಸಿಯಾ ಇರಬಹುದೇ?’ ಎಂದು ಓದುಗರೊಬ್ಬರು ಕೇಳಿದ್ದಾರೆ. ಇದಿಷ್ಟನ್ನೇ ನೋಡಿ ಅದು ಡಿಸ್ಲೆಕ್ಸಿಯಾ, ಅಂದರೆ ಓದು ಕಲಿಯುವುದರಲ್ಲೇ ಇರುವ ತೊಂದರೆ, ಎಂದು ಹೇಳಲು ಬರುವುದಿಲ್ಲ. ಹೆದರುವ ಮೊದಲು, ನಮ್ಮ ಲಿಪಿ ಆ ಹುಡುಗನಿಂದ ಏನೇನು ಕೇಳುತ್ತಿದೆ ಎಂದು ನೋಡಬೇಕು.

‘ಪ್ರೀತಿ’ ಎಂದು ಬರೆದು ನೋಡಿ. ಮೊದಲು ಪ, ಅದರ ತಲೆಗೆ ಗುಡಿಸು, ಪಕ್ಕಕ್ಕೆ ದೀರ್ಘ, ಕೆಳಗೆ ರ ಒತ್ತು. ಬಾಯಲ್ಲಿ ಬರುವ ಕ್ರಮವೇ ಬೇರೆ: ಪ್, ರ್, ಆಮೇಲೆ ಈ. ಸ್ವರದ ಗುರುತು ಪಕಾರಕ್ಕೆ ಅಂಟಿಕೊಂಡಿದೆ, ಅದರ ಉಚ್ಚಾರ ಮಾತ್ರ ರಕಾರ ಮುಗಿದ ಮೇಲೆ. ಕಂಡಿದ್ದನ್ನು ಕಂಡ ಹಾಗೆ ಓದುವ ಮಗು ‘ಪೀರತಿ’ ಎನ್ನುತ್ತದೆ. ಅರ್ಕಾವೊತ್ತಿನಲ್ಲಿ ಇನ್ನೊಂದು ಬಗೆಯ ತಿರುವು. ‘ತರ್ಕ’ದಲ್ಲಿ ರಕಾರ ಕಕಾರಕ್ಕಿಂತ ಮೊದಲು ಕೇಳುತ್ತದೆ, ಅದರ ಗುರುತು ಕಕಾರದ ಆಚೆ ಕೂತಿರುತ್ತದೆ. ಇದನ್ನು ‘ತಕರ’ ಎಂದು ಓದಿದ ಮಗು ದಡ್ಡನಲ್ಲ; ಎಡದಿಂದ ಬಲಕ್ಕೆ ಓದಬೇಕೆಂದು ನಾವೇ ಕಲಿಸಿದ್ದನ್ನು ನಿಷ್ಠೆಯಿಂದ ಪಾಲಿಸುತ್ತಿದೆ.

ಇದರ ಜೊತೆಗೆ ಕಲಿಯಬೇಕಾದ ರಾಶಿಯೂ ದೊಡ್ಡದು. 34 ವ್ಯಂಜನಗಳಿಗೆ ಕಾಗುಣಿತ ಸೇರಿಸಿದರೆ ರೂಪಗಳು 400 ದಾಟುತ್ತವೆ. ಒತ್ತಕ್ಷರ ಅದರ ಮೇಲೆ. ಬೆಂಗಳೂರಿನಲ್ಲಿ ಸೋನಾಲಿ ನಾಗ್ ಒಂದರಿಂದ ನಾಲ್ಕನೇ ತರಗತಿಯ ಮಕ್ಕಳ ಓದನ್ನು ಅಭ್ಯಸಿಸಿ 2007ರಲ್ಲಿ ಪ್ರಕಟಿಸಿದ ಸಂಶೋಧನೆ ನನ್ನ ಮಟ್ಟಿಗೆ ಕನ್ನಡ ಶಿಕ್ಷಕರೆಲ್ಲರ ಮೇಜಿನ ಮೇಲಿರಬೇಕಾದದ್ದು. ಅಕ್ಷರ ಕಲಿಕೆ ಮೊದಲ ವರ್ಷಕ್ಕೆ ಮುಗಿಯುವುದಿಲ್ಲ, ನಾಲ್ಕನೇ ತರಗತಿಯಲ್ಲೂ ನಡೆಯುತ್ತಲೇ ಇರುತ್ತದೆ ಎಂಬುದನ್ನು ಅದು ತೋರಿಸಿತು. ಬಿಡಿ ಧ್ವನಿಗಳ ಅರಿವೂ ಇಲ್ಲಿ ನಿಧಾನವಾಗಿ ಬರುತ್ತದೆ. ‘ಮರ’ದಿಂದ ಮೊದಲ ಧ್ವನಿ ತೆಗೆದು ಹೇಳು ಎಂದರೆ ಕನ್ನಡದ ಮಗು ‘ರ’ ಎನ್ನುತ್ತದೆ, ‘ಅರ’ ಎನ್ನುವುದಿಲ್ಲ. ಅದಕ್ಕೆ ‘ಮ’ ಒಂದೇ ತುಂಡು. ಪ್ರಕಾಶ್, ರೇಖಾ, ನಿಗಮ್, ಪ್ರತಿಭಾ ಕಾರಂತ್ ಅವರ 1993ರ ಅಧ್ಯಯನದಲ್ಲಿ ಕನ್ನಡವನ್ನು ಚೆನ್ನಾಗಿ ಓದುವ ಮಕ್ಕಳೂ ಇಂಥ ಪರೀಕ್ಷೆಯಲ್ಲಿ ಹಿಂದೆ ಬಿದ್ದಿದ್ದರು.

ಹಾಗಾಗಿಯೇ, ಬಿಡಿ ಧ್ವನಿಗಳನ್ನು ಜೋಡಿಸಿ ಓದಿಸುವ ಇಂಗ್ಲಿಷಿನ ಫೋನಿಕ್ಸ್ ಪಾಠವನ್ನು ಹಾಗೇ ಕನ್ನಡಕ್ಕೆ ಎತ್ತಿ ತಂದು, ಕೆಲವೇ ವಾರಗಳಲ್ಲಿ ಓದು ಬರುತ್ತದೆ ಎನ್ನುವ ಆ್ಯಪ್‌ಗಳ ಜಾಹೀರಾತನ್ನು ನಾನು ನಂಬುವುದಿಲ್ಲ. ಇಂಗ್ಲಿಷಿನಲ್ಲೇ ಓದು ಕಲಿಯುವ ಕೆಲಸ ಅಷ್ಟು ಸಲೀಸಾಗಿಲ್ಲ. ಫಿಲಿಪ್ ಸೇಮೂರ್ ಮತ್ತು ಸಂಗಡಿಗರು 2003ರಲ್ಲಿ ಯುರೋಪಿನ ಭಾಷೆಗಳನ್ನು ಹೋಲಿಸಿದಾಗ, ಮೊದಲ ವರ್ಷದ ಕೊನೆಗೆ ಫಿನ್ಲೆಂಡಿನ ಮಕ್ಕಳು ಪರಿಚಿತ ಪದಗಳಲ್ಲಿ ಶೇ 98ನ್ನು ಸರಿಯಾಗಿ ಓದುತ್ತಿದ್ದರು, ಇಂಗ್ಲಿಷ್ ಓದುವ ಸ್ಕಾಟ್ಲೆಂಡಿನ ಮಕ್ಕಳು ಶೇ 34ನ್ನು ಮಾತ್ರ. ಒಂದೊಂದು ಬರಹಕ್ಕೂ ಅದರದೇ ವೇಳಾಪಟ್ಟಿ.

ನಮ್ಮಲ್ಲೇ ಹುಟ್ಟಿದ ಒಳ್ಳೆಯ ದಾರಿಗಳಿವೆ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ, ರಿಷಿ ವ್ಯಾಲಿ ಶಾಲೆಯ ಮಾದರಿ ನೋಡಿಬಂದ ಸರ್ಕಾರಿ ಶಾಲೆಯ ಶಿಕ್ಷಕರು ಶುರುಮಾಡಿದ ‘ನಲಿ ಕಲಿ’ ಪದ್ಧತಿ ಅ ಆ ಇ ಈ ಸಾಲನ್ನು ಬಿಟ್ಟು ರ, ಗ, ಸ, ದ, ಅ ಇಂದ ಹೊರಡುತ್ತದೆ. ಆ ಐದೇ ಅಕ್ಷರದಲ್ಲಿ ಸರ, ಅಗಸ, ಅರಸ, ಗರಗಸ ಎಲ್ಲ ಓದಬಹುದು. ಙ, ಞ ಬರುವವರೆಗೆ ಕಾಯದೆ ಮಗು ಮೊದಲ ವಾರಗಳಲ್ಲೇ ಅರ್ಥವಿರುವ ಪದ ಓದುತ್ತದೆ. ಎಂಥ ಜಾಣ ಜೋಡಣೆ! ಒತ್ತಕ್ಷರಕ್ಕೂ ಇಂಥದೇ ಕಾಳಜಿಯ ಕ್ರಮ ಬೇಕು. ಮೊದಲು ಅಕ್ಕ, ಅಜ್ಜ, ಹಳ್ಳ. ಇಲ್ಲಿ ಒಂದೇ ವ್ಯಂಜನ ಇಮ್ಮಡಿಯಾಗುವುದರಿಂದ ಹೊಸ ಧ್ವನಿಯ ಗೊಂದಲವಿಲ್ಲ. ಆಮೇಲೆ ಪುಸ್ತಕ, ಚಕ್ರ. ಸ್ವರಚಿಹ್ನೆಯೂ ಒತ್ತೂ ಒಟ್ಟಿಗೆ ಬರುವ ಪ್ರೀತಿ, ಸ್ತ್ರೀ ಇನ್ನೂ ಮುಂದೆ. ಅರ್ಕಾವೊತ್ತು ಕಡೆಗೆ.

ನಿಧಾನ ಸಹಜವೆಂದು ಸುಮ್ಮನೆ ಕಾಯುವುದೂ ತಪ್ಪು. ತಡೆದು ಓದುವ ಮಗು ಕಡಿಮೆ ಓದುತ್ತದೆ, ಕಡಿಮೆ ಓದಿದ್ದರಿಂದ ಮತ್ತಷ್ಟು ಹಿಂದೆ ಬೀಳುತ್ತದೆ. ಮನೆಯಲ್ಲಿ ದಿನಕ್ಕೆ ಹತ್ತು ನಿಮಿಷ ಕೂತು, ಅವನು ಯಾವ ಅಕ್ಷರದಲ್ಲಿ ನಿಲ್ಲುತ್ತಾನೆ ಎಂದು ಗುರುತು ಹಾಕಿಕೊಳ್ಳಿ. ‘ತಪ್ಪು’ ಎನ್ನುವ ಬದಲು ಪದವನ್ನು ಬಾಯಲ್ಲಿ ನಿಧಾನವಾಗಿ ಹೇಳಿಸಿ, ಯಾವ ಧ್ವನಿ ಮೊದಲು ಬಂತು ಎಂದು ಕೇಳಿ, ಆಮೇಲೆ ಗುರುತು ತೋರಿಸಿ. ಕೆಲವು ತಿಂಗಳು ಹೀಗೆ ಮಾಡಿಯೂ ಗುಣಿತಾಕ್ಷರಗಳೇ ನೆನಪಿನಲ್ಲಿ ನಿಲ್ಲದಿದ್ದರೆ, ಇವತ್ತು ಬಂದದ್ದು ನಾಳೆ ಮರೆಯುತ್ತಿದ್ದರೆ, ಮನೆತನದಲ್ಲಿ ಓದಿನ ತೊಂದರೆ ಇದ್ದವರಿದ್ದರೆ ತಜ್ಞರಿಗೆ ತೋರಿಸಬೇಕು. ಮೈಸೂರಿನ ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಕಲಿಕಾ ತೊಂದರೆಯ ತಪಾಸಣೆ ನಡೆಯುತ್ತದೆ. ಹೋಗುವಾಗ ಮಗ ಓದಿದ ಪುಟವನ್ನೂ ನೀವು ಹಾಕಿದ ಗುರುತುಗಳನ್ನೂ ತೆಗೆದುಕೊಂಡು ಹೋಗಿ.