ಪಯಣದ ಕರಡಿಗೆ

ಊರಿಗೆ ಹೊರಡುವವರಿಗೆ ಬಟ್ಟೆಯ ಲೆಕ್ಕ ಸುಲಭ. ನಾಲ್ಕು ದಿನಕ್ಕೆ ಎಷ್ಟು ಸೀರೆ, ಎಷ್ಟು ಪಂಚೆ ಬೇಕೆಂಬುದನ್ನು ಬೆರಳು ಮಡಿಸಿ ಹೇಳಿಬಿಡಬಹುದು. ಮುಖಕ್ಕೆಂದು, ಮೈಗೆಂದು ಕಟ್ಟಿಕೊಳ್ಳುವ ಪ್ರಸಾಧನ ಸಾಮಗ್ರಿಗೆ ಮಾತ್ರ ಇಂಥ ಲೆಕ್ಕ ಒಗ್ಗುವುದಿಲ್ಲ. ಅಲ್ಲಿ ಅವಶ್ಯಕತೆಯ ಜೊತೆಗೆ ಅಂಜಿಕೆಯೂ ಬಂದು ಕೂಡಿಕೊಳ್ಳುತ್ತದೆ. ಪರಸ್ಥಳದ ನೀರಿಗೆ ಚರ್ಮ ಒಡೆದರೆ? ಬಿಸಿಲಿಗೆ ಮುಖ ಕಂದಿದರೆ? ಮದುವೆಯ ಮನೆಯಲ್ಲಿ ನಾಲ್ಕು ಜನರ ನಡುವೆ ಕೂದಲು ಕೆದರಿದರೆ? ಇಂಥ ಒಂದೊಂದು ‘ರೆ’ಗೂ ಒಂದೊಂದು ಸೀಸೆಯಂತೆ ಸೇರುತ್ತ ಹೋಗಿ, ಕೊನೆಗೆ ಬಟ್ಟೆಗಿಂತ ಸೀಸೆಗಳ ಭಾರವೇ ಹೆಚ್ಚಾಗುತ್ತದೆ.

ನಾನು ಕಾಲೇಜಿನಲ್ಲಿ ಪಾಠ ಹೇಳುವವಳು. ಪರೀಕ್ಷೆಯ ಕೆಲಸಕ್ಕೆಂದು, ವಿಚಾರಗೋಷ್ಠಿಗೆಂದು ವರ್ಷಕ್ಕೆ ಐದಾರು ಸಲವಾದರೂ ಪರಸ್ಥಳಕ್ಕೆ ಹೋಗಬೇಕಾಗುತ್ತದೆ. ಹೆಗಲಿಗೊಂದು ಚೀಲ, ಕೈಗೊಂದು ಪುಸ್ತಕ. ಇದಕ್ಕಿಂತ ಹೆಚ್ಚು ಹೊರುವ ಶಕ್ತಿಯಾಗಲಿ ಮನಸ್ಸಾಗಲಿ ನನಗಿಲ್ಲ. ಇಷ್ಟು ವರ್ಷಗಳ ತಿರುಗಾಟ ನನಗೆ ಕಲಿಸಿದ ಮಾತು ಒಂದೇ: ಪ್ರಸಾಧನವೆಂದು ನಾವು ಹೊರುವ ಭಾರದಲ್ಲಿ ಬಹುಪಾಲು ನೀರು. ಶಾಂಪೂವಿನಲ್ಲಿ, ಮೈಗೆ ಹಚ್ಚುವ ಲೋಷನ್ನಿನಲ್ಲಿ, ಪನ್ನೀರಿನಲ್ಲಿ ಎಲ್ಲಕ್ಕಿಂತ ಹೆಚ್ಚಾಗಿರುವ ವಸ್ತು ನೀರೇ. ಆ ನೀರು ನಾವು ಹೋಗುವ ಊರಿನ ನಲ್ಲಿಯಲ್ಲಿಯೂ ಇದೆ. ಹಾಗಿರುವಾಗ ಅದನ್ನು ಇಲ್ಲಿಂದ ಹೊತ್ತು ಹೋಗುವುದೇಕೆ?

ನಡೆದೋ ಗಾಡಿ ಹೂಡಿಯೋ ಪಯಣ ಮಾಡುತ್ತಿದ್ದ ನಮ್ಮ ಹಿರಿಯರು ಈ ಪ್ರಶ್ನೆಗೆ ಎಂದೋ ಉತ್ತರ ಕಂಡುಕೊಂಡಿದ್ದರು. ಅಂದಿನ ಹೆಂಗಸರ ಕುಂಕುಮದ ಕರಡಿಗೆಯನ್ನು ನೆನಪಿಗೆ ತಂದುಕೊಳ್ಳಿ. ಮುಚ್ಚಳದ ಒಳಮೈಗೆ ಕನ್ನಡಿ, ಒಂದು ಮನೆಯಲ್ಲಿ ಕುಂಕುಮ, ಇನ್ನೊಂದರಲ್ಲಿ ಜೇನುಮೇಣ, ಮತ್ತೊಂದರಲ್ಲಿ ಕಾಡಿಗೆ, ಬದಿಗೆ ಬಾಚಣಿಗೆ. ಅರಿಸಿನಕ್ಕೆ ಸುಣ್ಣ ಬೆರೆತರೆ ಕೆಂಪೇರುತ್ತದೆಂಬ ರಸಾಯನದಿಂದ ಹುಟ್ಟಿದ ಒಣಪುಡಿಯೇ ಕುಂಕುಮ. ಹಣೆಗೆ ಮೊದಲು ಮೇಣ ತೀಡಿ ಅದರ ಮೇಲೆ ಇಟ್ಟರೆ ಬೆವರಿಗೂ ಬೇಗ ಅಳಿಯದು. ಒಡೆದ ತುಟಿಗೂ ಅದೇ ಮೇಣ ಒದಗುತ್ತಿತ್ತು. ಹರಳೆಣ್ಣೆಯ ದೀಪದ ಮಸಿಯನ್ನು ತಟ್ಟೆಗೆ ಹಿಡಿದು ತುಪ್ಪದಲ್ಲಿ ಕಲಸಿದರೆ ಕಾಡಿಗೆಯಾಯಿತು. ತಲೆಗೆ ಸೀಗೆಪುಡಿ, ಮೈಗೆ ಕಡಲೆಹಿಟ್ಟು, ಎರಡೂ ಬಟ್ಟೆಯ ಗಂಟಿನಲ್ಲಿ. ನೀರು ಹೋದೂರಿನ ಬಾವಿಯದು. ಇಷ್ಟರಲ್ಲಿ ಚೆಲ್ಲಿ ಹಾಳಾಗುವಂಥದು ಒಂದೂ ಇರಲಿಲ್ಲ. ಹಾಗೆಂದು ಹಳೆಯದೆಲ್ಲವೂ ನಿರಪಾಯವೆಂದು ನಾನು ಹೇಳುತ್ತಿಲ್ಲ. ಅಂಗಡಿಗಳಲ್ಲಿ ಮಾರುವ ಕೆಲವು ಸುರ್ಮಾ, ಕಾಡಿಗೆಗಳಲ್ಲಿ ಸೀಸವೆಂಬ ವಿಷಲೋಹ ಕಂಡುಬಂದಿದೆ. ಕಣ್ಣಿಗೆ ತಾಗುವುದನ್ನು ಅದರ ಮೂಲ ತಿಳಿದೇ ಕೊಳ್ಳುವುದು ಮೇಲು.

ಹಿರಿಯರು ಅನುಭವದಿಂದ ಕಲಿತದ್ದನ್ನು ಇಂದಿನವರಿಗೆ ವಿಮಾನ ನಿಲ್ದಾಣ ಕಲಿಸುತ್ತಿದೆ. ದ್ರವರೂಪದ ಸ್ಫೋಟಕಗಳನ್ನು ಪಾನೀಯದ ಸೀಸೆಗಳಲ್ಲಿ ಅಡಗಿಸಿ ವಿಮಾನಕ್ಕೆ ಒಯ್ಯುವ ಸಂಚೊಂದು 2006ರ ಆಗಸ್ಟಿನಲ್ಲಿ ಬ್ರಿಟನ್ನಿನಲ್ಲಿ ಬಯಲಾಯಿತು. ಅದರ ಫಲವಾಗಿ ಬಂದ ನಿಯಮವನ್ನು ಪರದೇಶಕ್ಕೆ ಹೋಗಿಬಂದವರೆಲ್ಲ ಬಲ್ಲರು. ಕೈಚೀಲದಲ್ಲಿ ಒಯ್ಯುವ ದ್ರವದ ಸೀಸೆ 100 ಮಿಲಿಲೀಟರಿಗಿಂತ ದೊಡ್ಡದಿರಬಾರದು. ಅಂಥವೆಲ್ಲ ಒಂದು ಲೀಟರಿನ ಪಾರದರ್ಶಕ ಚೀಲದೊಳಗೆ ಹಿಡಿಸಬೇಕು. ಲೆಕ್ಕ ಸೀಸೆಯ ಗಾತ್ರದ್ದು. 200 ಮಿಲಿಲೀಟರಿನ ಸೀಸೆಯ ತಳದಲ್ಲಿ ಚಮಚದಷ್ಟೇ ಉಳಿದಿದ್ದರೂ ಅದಕ್ಕೆ ಪ್ರವೇಶವಿಲ್ಲ. ಹೊಸ ತಪಾಸಣಾ ಯಂತ್ರಗಳು ಬಂದಿರುವ ಕೆಲವು ನಿಲ್ದಾಣಗಳಲ್ಲಿ ನಿಯಮ ಸಡಿಲವಾಗಿದೆ, ನಿಜ. ಆದರೆ ಹೋಗುವಾಗ ಸಡಿಲವಾಗಿದ್ದುದು ಹಿಂದಿರುಗುವ ನಿಲ್ದಾಣದಲ್ಲಿ ಬಿಗಿಯಾಗಿರಬಹುದು. ಗಟ್ಟಿ ಸೋಪೂ ಒಣ ಕುಂಕುಮವೂ ಈ ದ್ರವದ ಲೆಕ್ಕಕ್ಕೆ ಸೇರುವುದೇ ಇಲ್ಲ.

ಹಳೆಯ ಕರಡಿಗೆಯಲ್ಲಿ ಇಲ್ಲದಿದ್ದ, ಇಂದು ಬಿಡಬಾರದ ವಸ್ತು ಒಂದಿದೆ: ಬಿಸಿಲಿನಿಂದ ಚರ್ಮವನ್ನು ಕಾಯುವ ಸನ್‌ಸ್ಕ್ರೀನ್. ಇದಕ್ಕೂ ದೊಡ್ಡ ಸೀಸೆ ಬೇಡ. ಇದರ ಬಲವನ್ನು ಅಳೆಯುವ ಪ್ರಯೋಗಶಾಲೆಗಳಲ್ಲಿ ಚರ್ಮದ ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂನಂತೆ ಹಚ್ಚುತ್ತಾರೆ. ಆ ಪ್ರಮಾಣದಲ್ಲಿ ಮುಖಕ್ಕೂ ಕುತ್ತಿಗೆಗೂ ಸೇರಿ ಸುಮಾರು ಒಂದೂಕಾಲು ಗ್ರಾಂ ಸಾಕು. ದಿನಕ್ಕೆ ಮೂರು ಸಲದಂತೆ ಐದು ದಿನ ಹಚ್ಚಿದರೂ 20 ಗ್ರಾಂ ಮೀರುವುದಿಲ್ಲ. ಬಯಲಿನಲ್ಲಿ ಅಡ್ಡಾಡುವವರು ಎರಡು ಗಂಟೆಗೊಮ್ಮೆ ಹಚ್ಚಬೇಕು. ಅವರಿಗೆ ಇದರ ಇಮ್ಮಡಿ ಬೇಕಾದೀತು. ಹೀಗೆ ಅಳೆದು ನೋಡಿದರೆ ‘ಸಾಲದೆ ಹೋದರೆ’ ಎಂಬ ಅಂಜಿಕೆ ತಾನಾಗಿ ಇಳಿಯುತ್ತದೆ.

ಇನ್ನು ಕೊಬ್ಬರಿ ಎಣ್ಣೆಯ ವಿಚಾರ. ತಲೆಗೆ, ಒಣಗಿದ ಕೈಕಾಲಿಗೆ, ಬಣ್ಣ ಹಚ್ಚಿದ ಮುಖವನ್ನು ಒರೆಸಲಿಕ್ಕೆ, ಹೀಗೆ ಮೂರು ಕೆಲಸಕ್ಕೆ ಒದಗುವ ಈ ಒಂದು ವಸ್ತು ಮೂರು ಸೀಸೆಗಳನ್ನು ಮನೆಯಲ್ಲಿಯೇ ಉಳಿಸುತ್ತದೆ. ಅದು ಕರಗುವುದು ಸುಮಾರು 24 ಡಿಗ್ರಿ ಸೆಲ್ಸಿಯಸಿನಲ್ಲಿ. ಡಿಸೆಂಬರಿನ ಬೆಂಗಳೂರಿನಲ್ಲಿ ಬೆಣ್ಣೆಯಂತೆ ಹೆಪ್ಪುಗಟ್ಟಿ ಕುಳಿತದ್ದು ಘಟ್ಟವಿಳಿದು ಮಂಗಳೂರು ಸೇರುವಷ್ಟರಲ್ಲಿ ನೀರಾಗಿ ಹರಿಯತೊಡಗುತ್ತದೆ. ಆದುದರಿಂದ ಮುಚ್ಚಳ ಬಿಗಿಯಾಗಿರಲೇಬೇಕು. ವಿಮಾನದಲ್ಲಿಯಂತೂ ಮೇಲೇರಿದಂತೆ ಒಳಗಿನ ಗಾಳಿಯ ಒತ್ತಡ ತಗ್ಗಿ, ಸೀಸೆಯಲ್ಲಿ ಸಿಕ್ಕಿಕೊಂಡ ಗಾಳಿ ಹಿಗ್ಗುತ್ತದೆ; ಹಿಗ್ಗಿ ಎಣ್ಣೆಯನ್ನು ಹೊರದೂಡುತ್ತದೆ. ಮೆತ್ತನೆಯ ಸೀಸೆಯನ್ನು ಹಿಸುಕಿ ಗಾಳಿಯನ್ನು ಹೊರಬಿಟ್ಟು ಮುಚ್ಚಳ ತಿರುಗಿಸಿದರೆ ಸೋರುವುದು ಕಡಿಮೆ.

ಸೋಪಿನ ಮಾತಿಗೆ ಬಂದರೆ ನಮ್ಮ ನಾಡಿಗೆ ಹೆಮ್ಮೆಪಡುವ ಕಾರಣವಿದೆ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಯೂರೋಪಿಗೆ ಹೋಗಬೇಕಾದ ಶ್ರೀಗಂಧದ ಕೊರಡು ಮೈಸೂರು ಸಂಸ್ಥಾನದಲ್ಲಿಯೇ ರಾಶಿಬಿದ್ದಾಗ, ಸರಕಾರ 1916ರಲ್ಲಿ ಗಂಧದೆಣ್ಣೆಯ ಕಾರ್ಖಾನೆಯನ್ನು ಸ್ಥಾಪಿಸಿತು. ಆ ಎಣ್ಣೆಯಿಂದ ಬಂದದ್ದು ಮೈಸೂರು ಸ್ಯಾಂಡಲ್ ಸೋಪು. ಇಡೀ ಬಿಲ್ಲೆಯನ್ನು ಒಯ್ಯುವ ಬದಲು ದಾರದಿಂದ ಕೊಯ್ದು ಒಂದು ತುಂಡನ್ನು ಒಯ್ದರೆ ಒಂದು ವಾರದ ಸ್ನಾನಕ್ಕೆ ಸಾಕು. ಹೊರಡುವ ದಿನ ಅದನ್ನು ಒದ್ದೆಯಾಗಿ ಕಟ್ಟಬಾರದೆಂಬುದಷ್ಟೇ ಎಚ್ಚರ.

ಪುಡಿಕಾಸಿಗೆ ಸಿಗುವ ಶಾಂಪೂ ಪ್ಯಾಕೆಟ್ಟುಗಳಿರುವಾಗ ಇಷ್ಟೆಲ್ಲ ಯೋಚನೆ ಏಕೆ ಎಂದು ವಿದ್ಯಾರ್ಥಿನಿಯರು ಕೇಳುತ್ತಾರೆ. 1983ರಲ್ಲಿ ತಮಿಳುನಾಡಿನ ಕಡಲೂರಿನಲ್ಲಿ ಆರಂಭವಾದ ಚಿಕ್ ಶಾಂಪೂವಿನಂಥ ಉದ್ಯಮಗಳು ಆ ಪ್ಯಾಕೆಟ್ಟನ್ನು ಹಳ್ಳಿಹಳ್ಳಿಗೆ ಮುಟ್ಟಿಸಿದವು. ಸೀಸೆ ಕೊಳ್ಳಲಾರದವರಿಗೂ ಅದು ದೊರೆತದ್ದು ಸಣ್ಣ ಸಂಗತಿಯಲ್ಲ. ಆದರೆ ಪದರಪದರವಾಗಿ ಬೆಸೆದ ಆ ಹಾಳೆ ಮಣ್ಣಿನಲ್ಲಿ ಕರಗದು, ಆಯ್ದು ಮಾರುವವರಿಗೂ ಬೇಡದು. ನಾವು ಇಳಿಸಿದ ಭಾರ ಯಾತ್ರಾಸ್ಥಳದ ಹೊಳೆಯ ದಡಕ್ಕೆ ಹೋಗಿ ಸೇರುತ್ತದೆ.

ಹಗುರವಾಗಿ ಹೊರಡುವುದನ್ನು ಇಷ್ಟು ಹೊಗಳಿದ ಮೇಲೆ, ಹೊಗಳಲಾಗದ ಇನ್ನೊಂದು ಬಗೆಯ ಹಗುರವನ್ನೂ ಹೇಳಬೇಕು. ತಾತ ತೀರಿಕೊಂಡ ಮೇಲೆ ನನ್ನ ಅಜ್ಜಿಯ ಕರಡಿಗೆಯಿಂದ ಕುಂಕುಮವನ್ನು ಬಂಧುಗಳು ತೆಗೆದರು. ಕಾಡಿಗೆಯೂ ಹೋಯಿತು. ಆಮೇಲೆ ಅಜ್ಜಿ ಮಗಳ ಊರಿಗೆ ಹೊರಟರೆ ಆ ಕರಡಿಗೆಯಲ್ಲಿ ಬಸ್ಸಿನ ಚಿಲ್ಲರೆ, ನಾಲ್ಕು ಲವಂಗ ಇಟ್ಟುಕೊಳ್ಳುತ್ತಿದ್ದರು. ಕನ್ನಡಿಯನ್ನು ಮಾತ್ರ ಯಾರೂ ಕಿತ್ತಿರಲಿಲ್ಲ. ಚಿಲ್ಲರೆ ಎಣಿಸುವಾಗ ಅಜ್ಜಿಯ ಕಣ್ಣು ಒಂದು ಕ್ಷಣ ಅತ್ತ ಹೊರಳುವುದನ್ನು ನಾನು ಕಂಡಿದ್ದೇನೆ. ಚಳಿಗಾಲದಲ್ಲಿ ಅವರ ಹಿಮ್ಮಡಿ ಒಡೆದು ರಕ್ತ ಬರುತ್ತಿತ್ತು. ಎಣ್ಣೆ ಹಚ್ಚಿಕೊಂಡರೆ ‘ಈ ವಯಸ್ಸಿಗೆ ಈಕೆಗೇಕೆ’ ಎಂಬ ಮಾತು ಬಂದೀತೆಂದು, ರಾತ್ರಿ ದೀಪ ಆರಿದ ಮೇಲೆ ಹಚ್ಚಿಕೊಳ್ಳುತ್ತಿದ್ದರು. ಅವರ ಗಂಟು ನನ್ನ ಚೀಲಕ್ಕಿಂತ ಎಷ್ಟೋ ಹಗುರವಾಗಿತ್ತು. ಅದನ್ನು ಹಗುರ ಮಾಡಿದವರು ಅವರಲ್ಲ.

ಆದುದರಿಂದಲೇ, ‘ಹೆಂಗಸರ ಚೀಲದಲ್ಲಿ ಇದೆಲ್ಲ ಏಕೆ’ ಎಂದು ನಗುವವರ ಜೊತೆಗೆ ನಾನು ಸೇರಲಾರೆ. ದಾರಿಯಲ್ಲಿ ತುಟಿ ಒಡೆದಾಗ, ತಲೆ ಕೆದರಿದಾಗ ಕೈ ಚಾಚುವುದು ಆ ಚೀಲಕ್ಕೇ. ಒಬ್ಬಳಿಗೆ ಕಾಡಿಗೆ ಇಲ್ಲದೆ ಹೊರಗೆ ಕಾಲಿಡಲು ಮನಸ್ಸಾಗದಿರಬಹುದು. ಇನ್ನೊಬ್ಬಳಿಗೆ ತೊಳೆದ ಮುಖವೇ ಸಾಕಾದೀತು. ಹಾಸ್ಟೆಲಿಗೆ, ಕೆಲಸಕ್ಕೆ, ಯಾತ್ರೆಗೆ ಹೊರಟಿರುವ ಹುಡುಗಿಯರಿಗೆ ನಾನು ಹೇಳುವುದಿಷ್ಟು: ನೀರನ್ನು ಇಲ್ಲಿಯೇ ಬಿಡಿ, ಅಂಜಿಕೆಯನ್ನು ಅಳೆದು ನೋಡಿ, ಮುಖಕ್ಕೆ ಬೇಕಾದುದನ್ನು ನಾಚದೆ ಒಯ್ಯಿರಿ. ಏನನ್ನು ಬಿಡಬೇಕೆಂಬುದನ್ನು ಹೊರುವವರೇ ತೀರ್ಮಾನಿಸಲಿ.