ಹೂಂಗುಟ್ಟುವವರು ಬೇಕಾಗಿದ್ದಾರೆ

ನಮ್ಮ ಕಡೆಯ ಆಟಗಳಲ್ಲಿ ವೇಷಧಾರಿಯು ತನ್ನ ಸುಖದುಃಖಗಳನ್ನು ತೋಡಿಕೊಳ್ಳುವಾಗ ಭಾಗವತರು ನಡುನಡುವೆ ‘ಹೂಂ’ ಎನ್ನುವುದುಂಟು. ಕೇಳುವವರಿದ್ದಾರೆಂಬ ಭರವಸೆಯಿಂದಲೇ ಮಾತು ಮುಂದುವರಿಯುತ್ತದೆ. ರಂಗಸ್ಥಳದಲ್ಲಿ ಸುಲಭವಾಗಿ ದೊರೆಯುವ ಈ ‘ಹೂಂ’ ಬದುಕಿನಲ್ಲಿ ಎಷ್ಟು ದುರ್ಲಭವೆಂಬುದು ನನಗೆ ತಿಳಿದುದು ತಡವಾಗಿ.

ಕೆಲವು ವರ್ಷಗಳ ಹಿಂದೆ, ಮಳೆಗಾಲದ ಒಂದು ಸಂಜೆ, ಹಳೆಯ ವಿದ್ಯಾರ್ಥಿಯೊಬ್ಬ ಕುಂದಾಪುರದ ನಮ್ಮ ಮನೆಗೆ ಬಂದ. ಬೆಂಗಳೂರಿನ ಹೋಟೆಲಿನಲ್ಲಿ ಕೆಲಸಕ್ಕಿದ್ದವನು ಊರಿಗೆ ಮರಳಿದ್ದ. ಏನನ್ನೋ ಹೇಳಹೊರಟು ಸುಮ್ಮನಾದ. ಉತ್ತರಪತ್ರಿಕೆಗಳ ಕಟ್ಟನ್ನು ಮುಂದಿಟ್ಟುಕೊಂಡಿದ್ದ ನಾನು, ‘ಎಲ್ಲ ಸರಿಹೋಗುತ್ತದೆ, ಧೈರ್ಯವಾಗಿರು’ ಎಂದು ಬೀಳ್ಕೊಟ್ಟೆ. ವಾರದೊಳಗೆ ಅವನು ತನ್ನ ಪ್ರಾಣವನ್ನು ತಾನೇ ಕಳೆದುಕೊಂಡ ಸುದ್ದಿ ಬಂದಿತು. ನಾನು ಕೇಳಿದ್ದರೆ ಅವನು ಉಳಿಯುತ್ತಿದ್ದನೆಂದು ಹೇಳಲಾರೆ. ಕೇಳಲಿಲ್ಲವೆಂಬುದು ಮಾತ್ರ ಸತ್ಯ.

1953ರಲ್ಲಿ ಲಂಡನ್ನಿನ ಪಾದ್ರಿ ಚಾಡ್ ವಾರಾ ಅವರು ಸಾಯಬೇಕೆನ್ನುವವರಿಗಾಗಿ ತಮ್ಮ ಚರ್ಚಿನಲ್ಲಿ ಒಂದು ದೂರವಾಣಿಯನ್ನು ತೆರೆದಿಟ್ಟರು. ಬುದ್ಧಿವಾದವನ್ನು ತಾವು ಹೇಳುವುದು, ಸರದಿ ಕಾಯುವವರಿಗೆ ಚಹ ಕೊಟ್ಟು ಜೊತೆಗಿರುವುದಕ್ಕೆ ಕೆಲವು ಸ್ವಯಂಸೇವಕರು, ಎಂಬುದು ಅವರ ಯೋಜನೆ. ಆದುದೇ ಬೇರೆ. ಸ್ವಯಂಸೇವಕರೊಡನೆ ಮನಬಿಚ್ಚಿ ಮಾತನಾಡಿದ ಅನೇಕರಿಗೆ ಪಾದ್ರಿಗಳನ್ನು ಕಾಣುವ ಅಗತ್ಯವೇ ತೋರಲಿಲ್ಲ. ಮರುವರ್ಷ ಅವರು ಈ ಕೆಲಸವನ್ನು ಆ ಸ್ವಯಂಸೇವಕರ ಕೈಗೇ ಒಪ್ಪಿಸಿದರು. ಚೆನ್ನೈಯಲ್ಲಿ ಡಾ. ಲಕ್ಷ್ಮೀ ವಿಜಯಕುಮಾರ್ ಅವರು 1986ರಲ್ಲಿ ಆರಂಭಿಸಿದ ‘ಸ್ನೇಹ’ವೂ ಸ್ವಯಂಸೇವಕರ ಬಲದಿಂದಲೇ ನಡೆದುಬಂದಿದೆ.

2022ರ ಅಕ್ಟೋಬರ್ 10ರಂದು ಸರಕಾರವೇ ‘ಟೆಲಿ ಮಾನಸ್’ ಸೇವೆಯನ್ನು ಆರಂಭಿಸಿತು. 14416 ಎಂಬ ಸಂಖ್ಯೆಗೆ ಯಾವ ಹೊತ್ತಿನಲ್ಲಿ ಕರೆ ಮಾಡಿದರೂ ಕನ್ನಡದಲ್ಲಿ ಮಾತನಾಡಬಹುದು, ಶುಲ್ಕವಿಲ್ಲ. ವಾಚಕರು ಇದನ್ನು ಬರೆದಿಟ್ಟುಕೊಳ್ಳಬೇಕು. ಆದರೂ ಕುಂದಾಪುರ, ಬೈಂದೂರು, ಬ್ರಹ್ಮಾವರಗಳಿಗೆ ತಮ್ಮದೇ ಒಂದು ಕೇಂದ್ರ ಬೇಕೆಂಬುದು ನಾಲ್ಕಾರು ಮಿತ್ರರ ಹಾಗೂ ನನ್ನ ಆಸೆ. ಎದೆಯೊಡೆದು ಅಳುವವನಿಗೆ ಗ್ರಂಥಭಾಷೆ ಬರುವುದಿಲ್ಲ. ತಾಯಿಯೊಡನೆ ಆಡಿದ ಮಾತೇ ಬರುತ್ತದೆ.

ಈ ಆಸೆಯನ್ನು ವರ್ತಕ ಮಿತ್ರರೊಬ್ಬರ ಮುಂದೆ ಇಟ್ಟಾಗ ಅವರು, ‘ಹ್ವಾಯ್ ಮಾಷ್ಟ್ರೆ, ಫೋನೆತ್ತಿ ಮಾತಾಡುಕೆ ದುಡ್ಡ್ ಎಂತಕೆ ಮಾರಾಯ್ರೆ?’ ಎಂದರು. ಪ್ರಶ್ನೆ ಸಹಜವೇ. ಕೋಣೆಯ ಬಾಡಿಗೆ, ದೂರವಾಣಿಯ ವೆಚ್ಚ, ಸ್ವಯಂಸೇವಕರ ತರಬೇತಿ ಎಂದು ಲೆಕ್ಕ ಹೇಳಿದೆ. ನಿಜವಾದ ತೊಡಕು ಬೇರೆ. ನಮ್ಮವರು ಉದಾರಿಗಳು. ಶಾಲೆಯ ಕಟ್ಟಡಕ್ಕೆ, ಬ್ರಹ್ಮಕಲಶಕ್ಕೆ, ಸಹಾಯಾರ್ಥದ ಆಟಕ್ಕೆ ಊರಿನವರೂ, ಮುಂಬಯಿ ಬೆಂಗಳೂರುಗಳಲ್ಲಿರುವ ನಮ್ಮವರೂ ಕೈಬಿಚ್ಚಿ ಕೊಡುತ್ತಾರೆ. ಅಲ್ಲಿ ಕೊಟ್ಟದ್ದು ಕಣ್ಣಿಗೆ ಕಾಣುತ್ತದೆ. ಇಲ್ಲಿ ಕಾಣುವುದೇನು? ಕರೆದವರ ಗುಟ್ಟನ್ನು ಕಾಯುವುದೇ ಮೊದಲ ನಿಯಮವಾದುದರಿಂದ, ಉಳಿದವನನ್ನು ವೇದಿಕೆಗೆ ಕರೆದು ಹಾರ ಹಾಕುವಂತಿಲ್ಲ. ಫಲವನ್ನು ಕಾಣದೆಯೇ ಕೊಡಬೇಕಾದ ದಾನವಿದು.

ಹಣಕ್ಕಿಂತಲೂ ದುಬಾರಿಯಾದುದು ವಾರಕ್ಕೆ ಮೂರು ನಾಲ್ಕು ಗಂಟೆಗಳ ಕಿವಿ. ಇದಕ್ಕೆ ಪಾಂಡಿತ್ಯ ಬೇಡ. ತರಬೇತಿಯಲ್ಲಿ ಕಲಿಯಬೇಕಾದುದಕ್ಕಿಂತ ಮರೆಯಬೇಕಾದುದೇ ಹೆಚ್ಚು: ಉಪದೇಶ, ತೀರ್ಪು, ‘ಇದೇನು ಮಹಾ’ ಎಂಬ ಸಮಾಧಾನ. ಸಾಯುವ ಯೋಚನೆ ಇದೆಯೇ ಎಂದು ಅಂಜದೆ ಕೇಳುವುದನ್ನೂ ಕಲಿಯಬೇಕು. ಹಾಗೆ ಕೇಳಿದರೆ ಆ ಯೋಚನೆಯನ್ನು ನಾವೇ ಬಿತ್ತಿದಂತಾಗದು ಎನ್ನುತ್ತಾರೆ ಬಲ್ಲವರು. ಔಷಧ ಬೇಕಾದವರನ್ನು ವೈದ್ಯರತ್ತ ಕಳುಹುವ ವಿವೇಕವೂ ಇರಬೇಕು.

ಕಾಲೇಜಿನಲ್ಲಿ ಇಪ್ಪತ್ತು ವರ್ಷ ಮಾತನಾಡಿಯೇ ಬದುಕಿದವನು ನಾನು. ಸುಮ್ಮನೆ ಕುಳಿತು ಕೇಳುವುದು ನನಗೆ ಕಷ್ಟವಾದೀತು. ಆದರೂ ಸ್ವಯಂಸೇವಕರ ಪಟ್ಟಿಯಲ್ಲಿ ನನ್ನ ಹೆಸರನ್ನು ಮೊದಲು ಬರೆದುಕೊಂಡಿದ್ದೇನೆ. ಅದರ ಕೆಳಗೆ ಜಾಗ ಬಹಳವಿದೆ.