ಸುಗಂಧ ತೈಲಗಳು: ಪರಿಮಳ ತಾಳದವರು ತಿಳಿದಿರಬೇಕಾದದ್ದು

ಗೋಕಾಕ, ಮೂಡಲಗಿ, ಹುಕ್ಕೇರಿಯ ಔಷಧದ ಅಂಗಡಿಗಳಲ್ಲಿ ಈಚಿನ ವರ್ಷಗಳಲ್ಲಿ ಹತ್ತು ಹದಿನೈದು ಮಿಲಿಲೀಟರಿನ ಚಿಕ್ಕ ಸೀಸೆಗಳು ಸಾಲಾಗಿ ಕಾಣಿಸುತ್ತಿವೆ. ನೀಲಗಿರಿ, ಲವಂಗ, ಪುದೀನ, ನಿಂಬೆಹುಲ್ಲು, ಶ್ರೀಗಂಧ, ಲ್ಯಾವೆಂಡರ್ ಹೀಗೆ ಹಲವು ಬಗೆ. ಪುಣೆ, ಬೆಂಗಳೂರುಗಳಲ್ಲಿರುವ ಮಕ್ಕಳು ಊರಿಗೆ ಬರುವಾಗ ತಂದುಕೊಡುವುದೂ ಉಂಟು, ಮೊಬೈಲಿನಲ್ಲಿ ತರಿಸಿಕೊಳ್ಳುವುದೂ ಉಂಟು. ಅಂತಹ ಸೀಸೆಯನ್ನು ಮೇಜಿನ ಮೇಲಿಟ್ಟು, “ಡಾಕ್ಟರ್ರ, ಇದು ಗಿಡಮೂಲಿಕೀದ ಐತಿ, ಹಚ್ಚಿದ್ರ ಏನೂ ಆಗೂದಿಲ್ಲಲ್ರೀ?” ಎಂದು ಕೇಳುವವರು ನನ್ನಲ್ಲಿಗೆ ಆಗಾಗ ಬರುತ್ತಾರೆ. ಇದಕ್ಕಿಂತ ಕಡಿಮೆ ದನಿಯಲ್ಲಿ, ಹೆಚ್ಚಾಗಿ ಹೆಣ್ಣುಮಕ್ಕಳು, ಮತ್ತೊಂದು ಮಾತನ್ನು ಹೇಳುತ್ತಾರೆ: ಊದಿನಕಡ್ಡಿ ಹಚ್ಚಿದರೆ ತಲೆ ಸಿಡಿಯುತ್ತದೆ, ಅತ್ತರು ಪೂಸಿಕೊಂಡವರು ಬಸ್ಸಿನಲ್ಲಿ ಪಕ್ಕಕ್ಕೆ ಕುಳಿತರೆ ಉಸಿರು ಕಟ್ಟುತ್ತದೆ, ಮನೆಯಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ ಎಂದು. ಈ ಲೇಖನ ಮುಖ್ಯವಾಗಿ ಅವರಿಗಾಗಿ, ಹಾಗೂ ಅವರನ್ನು ನಂಬದ ಮನೆಯವರಿಗಾಗಿ.

ಮೊದಲು ‘ಎಣ್ಣೆ’ ಎಂಬ ಮಾತಿನಿಂದಲೇ ಆಗುವ ಗೊಂದಲವನ್ನು ಬಿಡಿಸಬೇಕು. ಎಳ್ಳು, ಕುಸುಬೆ, ಶೇಂಗಾ, ಕೊಬ್ಬರಿಗಳನ್ನು ಗಾಣಕ್ಕೆ ಹಾಕಿ ಹಿಂಡಿದರೆ ಬರುವುದು ಸ್ನೇಹದ್ರವ್ಯ. ಅದು ಜಿಡ್ಡಿನಿಂದ ಕೂಡಿದ್ದು, ಕಾಗದದ ಮೇಲೆ ಬಿದ್ದರೆ ಕಲೆ ಉಳಿಸುತ್ತದೆ, ಗಾಳಿಗೆ ಆರಿಹೋಗುವುದಿಲ್ಲ. ಆಯುರ್ವೇದದಲ್ಲಿ ಹೇಳುವ ನಾರಾಯಣ ತೈಲ, ಕ್ಷೀರಬಲಾ ತೈಲ ಮೊದಲಾದವೆಲ್ಲ ಎಳ್ಳೆಣ್ಣೆಯಲ್ಲಿ ಮೂಲಿಕೆಗಳ ಸಾರವನ್ನು ಇಳಿಸಿ ಸಿದ್ಧಪಡಿಸಿದವು. ಚಿಕ್ಕ ಸೀಸೆಯಲ್ಲಿ ಬರುವುದಾದರೋ ಬೇರೆಯೇ ವಸ್ತು. ಸಸ್ಯದ ಎಲೆ, ಹೂವು, ತೊಗಟೆ ಅಥವಾ ಚೇಗಿನ ಮೂಲಕ ನೀರಿನ ಹಬೆಯನ್ನು ಹಾಯಿಸಿ, ಆ ಹಬೆಯೊಡನೆ ಮೇಲೇರಿದ ಗಂಧಾಂಶವನ್ನು ತಣಿಸಿ ಹಿಡಿದದ್ದು. ಅದರಲ್ಲಿ ಜಿಡ್ಡಿಲ್ಲ, ಬಿಟ್ಟರೆ ಆರಿಹೋಗುತ್ತದೆ. ನೀರಿನ ಮೇಲೆ ತೇಲುತ್ತದೆ ಎಂಬ ಒಂದೇ ಕಾರಣಕ್ಕೆ ಅದಕ್ಕೂ ಎಣ್ಣೆಯೆಂಬ ಹೆಸರು ಅಂಟಿಕೊಂಡಿದೆ.

ಇದು ಎಷ್ಟು ಸಾಂದ್ರವಾದದ್ದೆಂಬುದನ್ನು ನಮ್ಮ ನಾಡಿನ ಉದಾಹರಣೆಯಿಂದಲೇ ತಿಳಿಯಬಹುದು. ಮೊದಲನೆಯ ಮಹಾಯುದ್ಧದಿಂದಾಗಿ ಶ್ರೀಗಂಧದ ಕೊರಡುಗಳು ಯುರೋಪಿಗೆ ಹೋಗುವುದು ನಿಂತಾಗ, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1916ರಲ್ಲಿ ಮೈಸೂರು ಸಂಸ್ಥಾನವೇ ಗಂಧದೆಣ್ಣೆಯ ಕಾರ್ಖಾನೆಯನ್ನು ಆರಂಭಿಸಿತು. ನೂರು ಕಿಲೋ ಒಳ್ಳೆಯ ಚೇಗನ್ನು ಪುಡಿಮಾಡಿ ಬಟ್ಟಿಯಿಳಿಸಿದರೆ ದೊರೆಯುವ ಎಣ್ಣೆ ನಾಲ್ಕೈದು ಕಿಲೋ ಮಾತ್ರ. ಗುಲಾಬಿಯಲ್ಲಿ ಈ ಲೆಕ್ಕ ಇನ್ನೂ ಬೆರಗು ಹುಟ್ಟಿಸುವಂತಹದು: ಒಂದು ಕಿಲೋ ಎಣ್ಣೆಗೆ ಮೂರು ನಾಲ್ಕು ಸಾವಿರ ಕಿಲೋ ಪಕಳೆಗಳು ಬೇಕು. ದವನದ ಹುಣ್ಣಿಮೆಗೆ ಸವದತ್ತಿಗೆ ಹೋಗಿಬರುವವರು ದವನದ ಪರಿಮಳವನ್ನು ಬಲ್ಲರು. ಅದೇ ದವನವನ್ನು ದಕ್ಷಿಣ ಕರ್ನಾಟಕದ ರೈತರು ಹೊಲದಲ್ಲಿ ಬೆಳೆಯುತ್ತಾರೆ, ಅದರ ಎಣ್ಣೆ ಹೊರದೇಶಗಳ ಸುಗಂಧ ತಯಾರಕರಿಗೆ ಹೋಗುತ್ತದೆ. ದವನದ ಒಂದು ಕಡ್ಡಿಯನ್ನು ಮುಡಿಯುವುದಕ್ಕೂ, ಅದರ ಎಣ್ಣೆಯ ಹತ್ತು ಹನಿಯನ್ನು ಮುಚ್ಚಿದ ಕೋಣೆಯಲ್ಲಿ ಹರಡುವುದಕ್ಕೂ ಹೋಲಿಕೆಯೇ ಇಲ್ಲ. ಆದ್ದರಿಂದ ಗಿಡಮೂಲಿಕೆಯದು ಎಂಬ ಮಾತು ಸುಳ್ಳಲ್ಲ. ಆದರೆ ಅದು ನಮಗೆ ಪ್ರಮಾಣವನ್ನು ತಿಳಿಸುವುದಿಲ್ಲ.

ಹೆಸರಿನ ಗೊಂದಲದಿಂದ ಆಗುವ ಅನರ್ಥಗಳಲ್ಲಿ ಒಂದನ್ನಾದರೂ ಹೇಳಲೇಬೇಕು. ಮೂಗಿಗೆ ಎರಡು ಹನಿ ಎಳ್ಳೆಣ್ಣೆ ಇಲ್ಲವೆ ತುಪ್ಪ ಬಿಟ್ಟುಕೊಳ್ಳುವ ನಸ್ಯಕರ್ಮವು ನಮ್ಮ ಶಾಸ್ತ್ರದಲ್ಲಿ ಇದೆ. ಇದನ್ನು ಎಲ್ಲಿಯೋ ಕೇಳಿಸಿಕೊಂಡ ಮೂಡಲಗಿ ಕಡೆಯ ರೈತರೊಬ್ಬರು, ನೆಗಡಿಗೆ ಒಳ್ಳೆಯದೆಂದು ನೀಲಗಿರಿ ಎಣ್ಣೆಯನ್ನೇ ನೇರವಾಗಿ ಮೂಗಿಗೆ ಬಿಟ್ಟುಕೊಂಡರು. ಒಳಪೊರೆ ಸುಟ್ಟಂತಾಗಿ, ಕಣ್ಣು ಊದಿಕೊಂಡು, ಎರಡು ದಿನ ಅನ್ನ ನುಂಗಲಾಗಲಿಲ್ಲ. ನಸ್ಯದ ತೈಲ ಬೇರೆ, ಬಟ್ಟಿಯಿಳಿಸಿದ ತೈಲ ಬೇರೆ.

ಇನ್ನು ಕೆಲವರಿಗೆ ಮಾತ್ರ ಪರಿಮಳ ಏಕೆ ತಾಳುವುದಿಲ್ಲ? ಮೂಗಿನಲ್ಲಿ ಎರಡು ದಾರಿಗಳಿವೆ. ಒಂದು, ಮಲ್ಲಿಗೆಯೋ ಸಂಪಿಗೆಯೋ ಎಂದು ವಾಸನೆಯನ್ನು ಗುರುತಿಸುವ ಘ್ರಾಣನರ. ಇನ್ನೊಂದು, ಮುಖ, ಕಣ್ಣು, ಮೂಗುಗಳ ಉರಿ, ಚುಚ್ಚು, ತಂಪುಗಳನ್ನು ಮಿದುಳಿಗೆ ತಿಳಿಸುವ ನರ. ಉಳ್ಳಾಗಡ್ಡಿ ಹೆಚ್ಚುವಾಗ ಕಣ್ಣೀರು ತರಿಸುವುದು ಈ ಎರಡನೆಯದೇ. ಬೇಸಿಗೆಯಲ್ಲಿ ಸಂಕೇಶ್ವರದ ಮೆಣಸಿನಕಾಯಿ ತಂದು ಖಾರ ಕುಟ್ಟಿಸುವಾಗ ಗಿರಣಿಯ ಬಾಗಿಲಲ್ಲಿ ನಿಂತವರೆಲ್ಲ ಸೀನುವುದಿಲ್ಲವೆ? ಅಲ್ಲಿ ಯಾರೂ ಯಾರನ್ನೂ ಸಂದೇಹಿಸುವುದಿಲ್ಲ. ಕರ್ಪೂರ, ಪುದೀನ, ನೀಲಗಿರಿ, ಲವಂಗಗಳ ತೈಲಗಳು ಈ ಎರಡನೆಯ ದಾರಿಯನ್ನು ನೇರವಾಗಿ ಕೆರಳಿಸುತ್ತವೆ. ಅರೆತಲೆನೋವು ಇರುವವರಲ್ಲಿ ಈ ಕೆರಳಿಕೆಯ ಮಟ್ಟ ಬಹು ಕೆಳಗಿರುತ್ತದೆ. ದಮ್ಮು ಇರುವವರಲ್ಲಿ ಶ್ವಾಸನಾಳಗಳು ಕೂಡಲೆ ಬಿಗಿದುಕೊಳ್ಳುತ್ತವೆ. ಗರ್ಭಿಣಿಯರಿಗೆ ಮೊದಲ ತಿಂಗಳುಗಳಲ್ಲಿ ಪರಿಮಳಗಳು ಓಕರಿಕೆ ತರುವುದು ಎಲ್ಲರೂ ಬಲ್ಲದ್ದೇ.

ಇದೇನೂ ಹೊಸ ಕಾಲದ ನಾಜೂಕುತನವಲ್ಲ. ಚರಕ ಸಂಹಿತೆಯ ಸೂತ್ರಸ್ಥಾನದ ಹನ್ನೊಂದನೆಯ ಅಧ್ಯಾಯವು, ಅತಿ ತೀಕ್ಷ್ಣವೂ ಉಗ್ರವೂ ಆದ ಗಂಧಗಳನ್ನು ಅತಿಯಾಗಿ ಮೂಸುವುದನ್ನು ಘ್ರಾಣೇಂದ್ರಿಯದ ಅತಿಯೋಗವೆಂದು ಎಣಿಸಿ, ರೋಗಕಾರಣಗಳ ಸಾಲಿನಲ್ಲಿ ನಿಲ್ಲಿಸಿದೆ. ಇಲ್ಲಿ ಹೇಳಿರುವುದು ದುರ್ಗಂಧದ ಮಾತಲ್ಲ, ಅದನ್ನು ಮಿಥ್ಯಾಯೋಗವೆಂದು ಬೇರೆಯಾಗಿಯೇ ಹೇಳಿದೆ. ಮಾಧವ ನಿದಾನದಲ್ಲಿ ಔಷಧಿಗಳ ಗಂಧದಿಂದಲೇ ಹುಟ್ಟುವ ಜ್ವರವೊಂದರ ವಿವರಣೆಯಿದ್ದು, ಮೂರ್ಛೆ, ತಲೆನೋವು, ವಾಂತಿ, ಸೀನು ಅದರ ಲಕ್ಷಣಗಳೆಂದು ಎಣಿಸಲಾಗಿದೆ. ಊದಿನಕಡ್ಡಿಯ ಹೊಗೆಗೆ ತಲೆ ಹಿಡಿದುಕೊಂಡು ಕೂರುವ ಸೊಸೆಗೆ “ಪೂಜೆ ಅಂದರ ನಿನಗ ತಲಿನೋವು” ಎನ್ನುವ ಹಿರಿಯರು ಇದನ್ನೊಮ್ಮೆ ಗಮನಿಸಬೇಕೆಂದು ವಿನಂತಿ. ಹುಕ್ಕೇರಿ ತಾಲೂಕಿನ ಒಂದು ಮನೆಯಲ್ಲಿ ಇಂತಹ ಮಾತಿಗೆ ಅಂಜಿ ಮೂರು ವರ್ಷ ವಾರಕ್ಕೆರಡು ಸಲ ನೋವಿನ ಗುಳಿಗೆ ನುಂಗುತ್ತಿದ್ದ ತಾಯಿಯೊಬ್ಬರನ್ನು ನಾನು ಕಂಡಿದ್ದೇನೆ. ಕಡ್ಡಿಯ ಬದಲು ಎಣ್ಣೆಯ ದೀಪವೊಂದನ್ನೇ ಇಟ್ಟು ಪೂಜೆ ನಡೆಸತೊಡಗಿದ ಮೇಲೆ ಗುಳಿಗೆ ತಿಂಗಳಿಗೊಂದಕ್ಕೆ ಇಳಿಯಿತು.

ತಲೆನೋವಿಗಿಂತ ಗಂಭೀರವಾದ ಸಂಗತಿಯೊಂದಿದೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ನರರೋಗ ತಜ್ಞ ಡಾ. ಥಾಮಸ್ ಮ್ಯಾಥ್ಯೂ ಅವರು ಸಂಗಡಿಗರೊಂದಿಗೆ ಹಲವು ಆಸ್ಪತ್ರೆಗಳಲ್ಲಿ ನಾಲ್ಕು ವರ್ಷ ನಡೆಸಿದ ಅಧ್ಯಯನವೊಂದು 2021ರಲ್ಲಿ ಪ್ರಕಟವಾಯಿತು. ಮೊದಲ ಸಲ ಫಿಟ್ಸ್ ಬಂದವರು ಹಾಗೂ ಹತೋಟಿಯಲ್ಲಿದ್ದು ಮತ್ತೆ ಮರುಕಳಿಸಿದವರು ಸೇರಿ 350 ವಯಸ್ಕರನ್ನು ವಿಚಾರಿಸಿದಾಗ, 55 ಮಂದಿಯಲ್ಲಿ ಅದಕ್ಕೆ ಮುಂಚೆ ಸುಗಂಧ ತೈಲ ಬಳಸಿದ ಸಂಬಂಧ ಕಂಡುಬಂದಿತು. ಹಚ್ಚಿಕೊಂಡವರು, ಮೂಸಿದವರು, ನುಂಗಿದವರು ಎಲ್ಲರೂ ಅದರಲ್ಲಿದ್ದರು. ಕಾರಣವಾದ ಪದಾರ್ಥಗಳು ನೀಲಗಿರಿ ಮತ್ತು ಕರ್ಪೂರ ಸೇರಿದ ತಯಾರಿಕೆಗಳು, ಅಂದರೆ ನಾವು ನೆಗಡಿ, ಮೈಕೈ ನೋವುಗಳಿಗೆ ದಿನನಿತ್ಯ ಬಳಸುವ ಮುಲಾಮು, ಎಣ್ಣೆಗಳು. ಇದನ್ನು ಓದಿ ಎಲ್ಲರೂ ಅಂಜಬೇಕಾಗಿಲ್ಲ. ಆದರೆ ಮೂರ್ಛೆರೋಗ ಇರುವವರು, ಎಂದೋ ಒಮ್ಮೆ ಬಂದು ನಿಂತವರು ಸಹ, ಈ ಎರಡನ್ನೂ ಯಾವ ರೂಪದಲ್ಲಿಯೂ ಬಳಸದಿರುವುದೇ ಸರಿ. ಮುಲಾಮಿನ ಡಬ್ಬಿಯ ಮೇಲೆ ಚಿಕ್ಕ ಅಕ್ಷರದಲ್ಲಿ ಬರೆದಿರುವುದನ್ನು ಮನೆಯ ಓದುವ ಮಕ್ಕಳಿಂದ ಓದಿಸಿ ನೋಡಬೇಕು.

ಮಕ್ಕಳ ವಿಷಯದಲ್ಲಿ ಕರ್ಪೂರಕ್ಕೆ ನಾನು ಬಹಳ ಅಂಜುತ್ತೇನೆ. ಪೂಜೆಗೆ ಬಳಸುವ ಕರ್ಪೂರ ಬಹುಪಾಲು ಟರ್ಪೆಂಟೈನಿನಿಂದ ಕಾರ್ಖಾನೆಯಲ್ಲಿ ತಯಾರಾದದ್ದು, ಅಡುಗೆಯ ಪಚ್ಚಕರ್ಪೂರವಲ್ಲ. ಬಿಳಿಯ ಬಿಲ್ಲೆಯನ್ನು ಕೂಸು ಪೆಪ್ಪರಮಿಂಟೆಂದು ಬಾಯಿಗೆ ಹಾಕಿಕೊಂಡರೆ ಕೆಲವೇ ನಿಮಿಷಗಳಲ್ಲಿ ಸೆಳವು ಬರಬಹುದು. ಒಂದು ಗ್ರಾಮಿನಷ್ಟು ಕರ್ಪೂರ ಸಣ್ಣ ಮಗುವಿನ ಪ್ರಾಣವನ್ನೇ ತೆಗೆದ ದಾಖಲೆಗಳು ವೈದ್ಯಶಾಸ್ತ್ರದಲ್ಲಿವೆ. ಅಮೆರಿಕದಲ್ಲಿ ಇಂತಹ ಘಟನೆಗಳ ತರುವಾಯವೇ 1980ರ ದಶಕದಲ್ಲಿ ಮುಲಾಮುಗಳೊಳಗಿನ ಕರ್ಪೂರಕ್ಕೆ ನೂರಕ್ಕೆ 11ರ ಮಿತಿ ಹಾಕಿದರು. ನೆಗಡಿಯಾದ ಹಸುಗೂಸಿನ ಕೊರಳಿಗೆ ಕರ್ಪೂರದ ಗಂಟು ಕಟ್ಟುವುದು, ಮೂಗಿನ ಕೆಳಗೆ ಪುದೀನ ಸತ್ವದ ಮುಲಾಮು ಸವರುವುದು ಸಲ್ಲದು. ಎರಡು ವರ್ಷದೊಳಗಿನ ಕೂಸು ಆ ತೀಕ್ಷ್ಣತೆಗೆ ಉಸಿರನ್ನೇ ಹಿಡಿದುಬಿಡಬಹುದು. ಬಟ್ಟೆಯ ಪೆಟ್ಟಿಗೆಗೆ ಹಾಕುವ ಡಾಂಬರ ಗುಳಿಗೆಯನ್ನು ಕರ್ಪೂರದ ಡಬ್ಬಿಯ ಬಳಿ ಇಡಲೇಬಾರದು, ಅದು ಬೇರೆಯೇ ವಿಷ.

ಅಜವಾನದ ಸತ್ವ, ಪುದೀನ ಸತ್ವ, ಕರ್ಪೂರ ಈ ಮೂರನ್ನು ಸಮವಾಗಿ ಸೇರಿಸಿದರೆ ಮೂರೂ ಗಟ್ಟಿ ಪದಾರ್ಥಗಳು ತಾವಾಗಿಯೇ ಕರಗಿ ನೀರಾಗುತ್ತವೆ. ಅದೇ ಅಮೃತಧಾರೆ. ಹೊಟ್ಟೆ ಉಬ್ಬರಕ್ಕೆ ದೊಡ್ಡವರು ಎರಡು ಹನಿ ನೀರಿನಲ್ಲಿ ತೆಗೆದುಕೊಳ್ಳುವುದು ನಮ್ಮ ಕಡೆ ಹಳೆಯ ರೂಢಿ. ಪರಿಮಳ ತಾಳದವರಿಗೆ, ಮಕ್ಕಳಿಗೆ, ಗರ್ಭಿಣಿಯರಿಗೆ ಇದು ಬೇಡ. ಅವರಿಗೆ ಅಜವಾನದ ಕಾಳನ್ನೇ ಚಿಟಿಕೆಯಷ್ಟು ಬಿಸಿನೀರಿನಲ್ಲಿ ಕೊಟ್ಟರೆ ಸಾಕಾಗುತ್ತದೆ.

ಇಷ್ಟಾದರೂ ಸುಗಂಧ ತೈಲವನ್ನು ಬಳಸಬೇಕೆನ್ನುವವರು ಇದ್ದೇ ಇರುತ್ತಾರೆ, ಬಳಸಿದರೆ ತಪ್ಪೂ ಅಲ್ಲ. ಮೈಗೆ ಹಚ್ಚುವುದಾದರೆ ಎಂದಿಗೂ ಹಾಗೆಯೇ ಹಚ್ಚಬಾರದು. ಆರು ಚಹಾ ಚಮಚ, ಎಂದರೆ 30 ಮಿಲಿಲೀಟರ್ ಎಳ್ಳೆಣ್ಣೆಗೆ ಇಲ್ಲವೆ ಕೊಬ್ಬರಿ ಎಣ್ಣೆಗೆ ಆರು ಹನಿ ಸೇರಿಸಿದರೆ ಸುಮಾರು ನೂರಕ್ಕೆ ಒಂದರ ಪ್ರಮಾಣವಾಗುತ್ತದೆ. ಪರಿಮಳಕ್ಕೆ ಸೂಕ್ಷ್ಮವಾಗಿರುವವರು ಮೂರೇ ಹನಿಗೆ ನಿಲ್ಲಿಸಬೇಕು. ಅದನ್ನು ಮೊದಲು ಮುಂಗೈಯ ಒಳಮಗ್ಗುಲಿಗೆ ಕಾಸಿನಗಲ ಹಚ್ಚಿ ಎರಡು ದಿನ ಕಾದು ನೋಡಬೇಕು. ಕೆಂಪಾದರೆ, ತುರಿಸಿದರೆ ಆ ತೈಲ ನಿಮ್ಮದಲ್ಲ. ಸ್ನಾನದ ಬಕೆಟ್ಟಿಗೆ ಹನಿ ಹಾಕುವುದು ಹಲವರ ರೂಢಿ, ಆದರೆ ಅದು ನೀರಿನೊಡನೆ ಬೆರೆಯದೆ ಮೇಲೆ ತೇಲಿ, ಮೊದಲ ತಂಬಿಗೆಯಲ್ಲಿಯೇ ಪೂರ್ತಿಯಾಗಿ ಮೈಮೇಲೆ ಬೀಳುತ್ತದೆ. ನಿಂಬೆಯ ಸಿಪ್ಪೆಯ ತೈಲ ಹಚ್ಚಿಕೊಂಡು ಕಬ್ಬಿನ ಹೊಲಕ್ಕೆ ಬಿಸಿಲಿನಲ್ಲಿ ಹೋದರೆ ಚರ್ಮ ಸುಟ್ಟು ಕಪ್ಪು ಕಲೆ ಉಳಿಯಬಹುದು. ಹಳೆಯ ತೈಲ ಹೊಸದಕ್ಕಿಂತ ಹೆಚ್ಚು ತೊಂದರೆ ಕೊಡುತ್ತದೆ. ಗಾಳಿ ತಾಗಿದ ಗಂಧಾಂಶಗಳು ಕೆಟ್ಟು ಚರ್ಮಕ್ಕೆ ಒಗ್ಗದಂತಾಗುತ್ತವೆ, ಆದುದರಿಂದ ಸೀಸೆ ತೆರೆದ ದಿನವನ್ನು ಅದರ ಮೇಲೆ ಬರೆದಿಟ್ಟು ವರ್ಷದ ಮೇಲೆ ಬಳಸದಿರುವುದು ಲೇಸು. ಜಾತ್ರೆಯಲ್ಲಿ ಐವತ್ತು ರೂಪಾಯಿಗೆ ಸಿಗುವ ‘ಅಸಲಿ ಗಂಧದೆಣ್ಣೆ’ಯ ವಿಷಯ ನಾನು ಹೇಳುವುದೇ ಬೇಡ. ಮೇಲಿನ ಲೆಕ್ಕವನ್ನು ನೋಡಿದವರಿಗೆ ಆ ಬೆಲೆಗೆ ಅದು ಸಿಗಲಾರದೆಂದು ತಿಳಿದೀತು.

ಕೋಣೆಯಲ್ಲಿ ಪರಿಮಳ ಹರಡುವುದಾದರೆ ಕಿಟಕಿ ತೆರೆದಿರಲಿ, ಒಂದೆರಡು ಹನಿ ಸಾಕು, ಹದಿನೈದು ನಿಮಿಷದ ಮೇಲೆ ನಿಲ್ಲಿಸಿಬಿಡಿ. ಮೂಗು ಬೇಗ ಒಗ್ಗಿಕೊಳ್ಳುವುದರಿಂದ ಹಚ್ಚಿದವರಿಗೆ ವಾಸನೆ ಕಡಿಮೆಯಾದಂತೆ ತೋರಿ ಮತ್ತೆ ಹನಿ ಸೇರಿಸುತ್ತಾರೆ, ಹೊರಗಿನಿಂದ ಬಂದವರಿಗೆ ಅದು ಗೋಡೆಯಂತೆ ಎದುರಾಗುತ್ತದೆ. ಯಾವುದೂ ತಾಳದವರಿಗೆ ನಾನು ಸೂಚಿಸುವುದು ಇಡಿಯ ಸಸ್ಯವನ್ನು: ಒದ್ದೆ ಮಾಡಿದ ಲಾವಂಚದ ಬೇರು, ತುಳಸಿಯ ನಾಲ್ಕು ಎಲೆ, ಮರುಗದ ಒಂದು ಕಡ್ಡಿ. ಇವು ಬೇಡವಾದರೆ ಎತ್ತಿ ಹೊರಗಿಡಬಹುದು, ಗಾಳಿಗೆ ಸೇರಿದ ತೈಲವನ್ನು ಹಾಗೆ ಎತ್ತಿಡಲಾಗದು.

ಪೂಜೆಯ ವೇಳೆಯ ಹೊಗೆಯೂ ಇದೇ ಲೆಕ್ಕಕ್ಕೆ ಸೇರುತ್ತದೆ, ಅದರಲ್ಲಿ ಪರಿಮಳದೊಡನೆ ಸೂಕ್ಷ್ಮ ಮಸಿಯೂ ಇರುವುದರಿಂದ ದಮ್ಮಿನವರಿಗೆ ಇಮ್ಮಡಿ ತೊಂದರೆ. ಮಠದಲ್ಲಿ ಶಿವಾನುಭವ ಗೋಷ್ಠಿಗೆ ನೂರಾರು ಜನ ಕೂಡಿದಾಗ ಧೂಪವನ್ನು ಸಭಾಂಗಣದ ಹೊರಗಿನ ಕಟ್ಟೆಯಲ್ಲಿಟ್ಟರೆ ಒಳಗೆ ಕುಳಿತವರಿಗೂ ಹದವಾದ ಪರಿಮಳ ಬರುತ್ತದೆ. ತೊಂದರೆಯಿರುವವರು ಬಾಗಿಲ ಬಳಿ ಕುಳಿತುಕೊಳ್ಳಲು ಸಂಕೋಚಪಡಬೇಕಾಗಿಲ್ಲ, ದಮ್ಮಿನ ಪಂಪು ಕಿಸೆಯಲ್ಲಿರಲಿ. ಇನ್ನೊಂದು ಸಂಗತಿ: ಈಚೆಗೆ ಪರಿಮಳ ಬೆರೆಸಿದ ವಿಭೂತಿಯೂ ಅಂಗಡಿಗೆ ಬಂದಿದೆ. ಹಣೆಯಲ್ಲಿ ತುರಿಕೆ, ಕೆಂಪು ಗೆರೆ ಕಾಣಿಸಿಕೊಂಡವರು ಗೋಮಯದಿಂದ ಮಾಡಿದ ಹಳೆಯ ಬಗೆಯ ವಿಭೂತಿಗೆ ಮರಳಿ ನೋಡಲಿ, ಹಲವರಲ್ಲಿ ಅಷ್ಟರಿಂದಲೇ ವಾಸಿಯಾಗಿದೆ.

ಕಣ್ಣಿಗೆ ತೈಲ ಸಿಡಿದರೆ ಉಜ್ಜದೆ, ಹದಿನೈದು ನಿಮಿಷ ಶುದ್ಧ ನೀರು ಹರಿಸಿ ತೊಳೆದು ಕಣ್ಣಿನ ವೈದ್ಯರಲ್ಲಿಗೆ ಹೋಗಬೇಕು. ಚರ್ಮಕ್ಕೆ ಚೆಲ್ಲಿದರೆ ಮೊದಲು ಅಡುಗೆಯ ಎಣ್ಣೆಯಿಂದ ಒರೆಸಿ ಆಮೇಲೆ ಸಾಬೂನು ಹಾಕಿ ತೊಳೆಯಬೇಕು, ಬರಿಯ ನೀರು ಅದನ್ನು ಇನ್ನಷ್ಟು ಹರಡುತ್ತದೆ. ಮಗು ನುಂಗಿದೆಯೆಂದು ಅನುಮಾನ ಬಂದರೂ ಸಾಕು, ಬೆರಳು ಹಾಕಿ ವಾಂತಿ ಮಾಡಿಸಬಾರದು, ಹಾಗೆ ಮಾಡಿದರೆ ತೈಲ ಶ್ವಾಸಕೋಶಕ್ಕೆ ಇಳಿಯುತ್ತದೆ. ಹಾಲು, ತುಪ್ಪ, ಉಪ್ಪುನೀರು ಯಾವುದನ್ನೂ ಕುಡಿಸದೆ 108ಕ್ಕೆ ಕರೆಮಾಡಿ ಹತ್ತಿರದ ದೊಡ್ಡ ಆಸ್ಪತ್ರೆಗೆ ಒಯ್ಯಿರಿ, ನನ್ನಂತಹ ಆಯುರ್ವೇದ ವೈದ್ಯರ ದವಾಖಾನೆಗಲ್ಲ. ಹೋಗುವಾಗ ಆ ಸೀಸೆಯನ್ನು, ಒಡೆದಿದ್ದರೆ ಅದರ ಚೂರನ್ನಾದರೂ, ಜೊತೆಗೆ ತೆಗೆದುಕೊಂಡು ಹೋಗಿ ವೈದ್ಯರಿಗೆ ತೋರಿಸಿರಿ.